ಇನ್‌ಸೋಲ್ ಇದ್ದರೂ ಚೆಂದದ ಶೂ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಮ್ಮಡಿ ನೋವಿಗೋ ಚಪ್ಪಟೆ ಪಾದಕ್ಕೋ ಡಾಕ್ಟರು ಇನ್‌ಸೋಲ್ ಬರೆದುಕೊಡುತ್ತಾರೆ. ಅದನ್ನು ಯಾವ ಶೂ ಒಳಗೆ ಹಾಕಬೇಕು ಎಂಬುದು ಮಾತ್ರ ಚೀಟಿಯಲ್ಲಿ ಇರುವುದಿಲ್ಲ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ತಾಪತ್ರಯದವು. ಇಷ್ಟಪಟ್ಟು ಕೊಂಡ ಶೂನಲ್ಲಿ ಹಿಡಿಸದೆ ಎಷ್ಟೋ ಇನ್‌ಸೋಲ್‌ಗಳು ಬೀರುವಿನಲ್ಲೇ ಉಳಿದುಬಿಡುತ್ತವೆ, ನೋವೂ ಹಾಗೇ ಉಳಿಯುತ್ತದೆ. ಹಾಗಾಗಿ ‘ಚೆಂದ ಕಾಣಬೇಕು’ ಎನ್ನುವುದು ನಮ್ಮ ಲೆಕ್ಕದಲ್ಲಿ ಚಿಕಿತ್ಸೆಯದೇ ಒಂದು ಭಾಗ. ಪಾದದ ಆರೈಕೆ ಮತ್ತು ಪಾದರಕ್ಷೆ ತಯಾರಿಕೆಯಲ್ಲಿ ಪಳಗಿದ ನಮ್ಮ ಬಳಗ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ವಯಸ್ಸು 34, ಐ.ಟಿ. ಕೆಲಸ. ಪ್ಲಾಂಟರ್ ಫೇಶಿಯೈಟಿಸ್ (ಅಂಗಾಲಿನ ಪಟ್ಟಿಯ ತೊಂದರೆಯಿಂದ ಬರುವ ಹಿಮ್ಮಡಿ ನೋವು) ಎಂದು ಪೂರ್ತಿ ಉದ್ದದ ಇನ್‌ಸೋಲ್ ಮಾಡಿಸಿಕೊಟ್ಟಿದ್ದಾರೆ. ಸ್ಪೋರ್ಟ್ಸ್ ಶೂನಲ್ಲಿ ಕೂರುತ್ತದೆ. ಆಫೀಸಿನ ಬ್ಯಾಲೆ ಶೂ, ಲೋಫರ್ ಯಾವುದರಲ್ಲೂ ಆಗುತ್ತಿಲ್ಲ. ಒಂದು ಸೈಜ್ ದೊಡ್ಡದು ತಗೊಂಡೆ. ಬೆರಳ ಮೇಲೆ ಒತ್ತುತ್ತದೆ, ಹಿಂದೆ ಕಳಚಿಕೊಳ್ಳುತ್ತದೆ. ಕುರ್ತಾಕ್ಕೂ ಪ್ಯಾಂಟಿಗೂ ಒಪ್ಪುವ ಶೂ ಯಾವುದು?
— ಓದುಗರು, ಬೆಂಗಳೂರು

ಉತ್ತರ: ನಿಮಗೆ ಬೇಕಿದ್ದದ್ದು ಆಳ, ಸಿಕ್ಕಿದ್ದು ಉದ್ದ. ನಮ್ಮಲ್ಲಿ ಬಳಕೆಯಲ್ಲಿರುವ ಯು.ಕೆ. ಅಳತೆಯಲ್ಲಿ ಒಂದು ಸೈಜ್ ಹೆಚ್ಚಾದರೆ ಶೂ ಸುಮಾರು 8.5 ಮಿ.ಮೀ. ಉದ್ದವಾಗುತ್ತದೆ. ಒಳಗಿನ ಎತ್ತರ ಹೆಚ್ಚುವುದು ತೀರಾ ಅಲ್ಪ. ಇನ್‌ಸೋಲ್ ನಿಮ್ಮ ಹಿಮ್ಮಡಿಯನ್ನು 5-6 ಮಿ.ಮೀ. ಮೇಲಕ್ಕೆತ್ತಿದಾಗ ಶೂ ಹಿಂಬದಿಯ ಗಟ್ಟಿ ಗೋಡೆ ಅಷ್ಟೇ ಮಟ್ಟಿಗೆ ಗಿಡ್ಡವಾದಂತಾಗುತ್ತದೆ, ಹಿಮ್ಮಡಿಗೆ ಹಿಡಿತ ತಪ್ಪುತ್ತದೆ. ಉದ್ದ ಹೆಚ್ಚಿರುವುದರಿಂದ ಇನ್ನೊಂದು ಎಡವಟ್ಟೂ ಇದೆ. ಶೂ ಮಡಚುವ ಜಾಗ ನಿಮ್ಮ ಬೆರಳ ಬುಡಕ್ಕೆ ಸರಿಯಾಗಿ ಬರದೆ ಮುಂದಕ್ಕೆ ಹೋಗುತ್ತದೆ. ಹಿಮ್ಮಡಿ ನೋವಿರುವವರಿಗೆ ಅದು ಒಳ್ಳೆಯದಲ್ಲ.

ಅಂಗಡಿಯಲ್ಲಿ ಮೊದಲು ಶೂ ಒಳಗಿನ ಹಾಸನ್ನು ಹಿಮ್ಮಡಿ ಕಡೆಯಿಂದ ಎತ್ತಿ ನೋಡಿ. ಸಲೀಸಾಗಿ ಎದ್ದು ಬಂದರೆ ಅರ್ಧ ಕೆಲಸ ಮುಗಿಯಿತು. ಅಂಥ ಹಾಸು 3ರಿಂದ 5 ಮಿ.ಮೀ. ದಪ್ಪ ಇರುತ್ತದೆ, ಅದನ್ನು ತೆಗೆದರೆ ನಿಮ್ಮ ಇನ್‌ಸೋಲ್‌ಗೆ ಅಷ್ಟು ಜಾಗ ಸಿಕ್ಕಿತು. ತೆಗೆದ ಹಾಸಿನ ಮೇಲೆ ನಿಮ್ಮ ಇನ್‌ಸೋಲ್ ಇಟ್ಟು ಅಂಚಿಗೆ ಅಂಚು ಹೋಲಿಸಿ. ಬೆರಳ ಕಡೆ ಒಂದೆರಡು ಮಿ.ಮೀ. ಹೆಚ್ಚಿದ್ದರೆ ಕತ್ತರಿಯಲ್ಲಿ ಸವರಬಹುದು. ಅಂಗಾಲಿನ ನಡುವಿನ ಕಮಾನಿನ ಹತ್ತಿರ ಅಥವಾ ಹಿಮ್ಮಡಿಯ ಹತ್ತಿರ ಹೊರಚಾಚಿದ್ದರೆ ಆ ಶೂ ಬಿಟ್ಟುಬಿಡಿ. ಅಲ್ಲಿ ಕತ್ತರಿಸಿದರೆ ಇನ್‌ಸೋಲ್ ಕೆಲಸ ಮಾಡುವ ಭಾಗವೇ ಹೋಯಿತು. ಕತ್ತರಿಸದೆ ತುರುಕಿದರೆ ಅಂಚು ಗೋಡೆ ಏರಿ ನಡುವೆ ಗುಳಿ ಬೀಳುತ್ತದೆ.

ಹಾಸು ಅಂಟಿಸಿದ್ದಾಗಿದ್ದರೆ ಸಾಮಾನ್ಯವಾಗಿ ಅದು ಒಂದು ಮಿ.ಮೀ. ತೆಳು ಲೆದರ್ ಇಲ್ಲವೇ ರೆಕ್ಸಿನ್. ಕಿತ್ತರೂ ಜಾಗ ಸಿಗುವುದಿಲ್ಲ, ಜೊತೆಗೆ ಹೀಲ್ ಕೂರಿಸಿದ ಮೊಳೆಗಳ ತಲೆ ಕಾಣಿಸಿಕೊಳ್ಳುತ್ತದೆ.

ಇನ್ನು ಮಾದರಿ. ನಿಮ್ಮ ಬ್ಯಾಲೆ ಶೂಗಳ ಅಂಚು ಬೆರಳ ಬುಡದಲ್ಲೇ ಮುಗಿಯುತ್ತದೆ, ಮೇಲಿನಿಂದ ಪಾದ ಹಿಡಿಯುವುದಕ್ಕೆ ಏನೂ ಇಲ್ಲ. ಅದೇ ನೋಟ ಬೇಕಿದ್ದರೆ ಪಾದದ ಮೇಲೆ ಅಡ್ಡ ಪಟ್ಟಿ ಇರುವ ಮೇರಿ ಜೇನ್ ತೆಗೆದುಕೊಳ್ಳಿ. ಬಕಲ್‌ನಲ್ಲಿ ಕನಿಷ್ಠ 4-5 ತೂತು ಇರಲಿ. ಕುರ್ತಾದ ಕೆಳಗೂ ಚೂಡಿದಾರದ ಕೆಳಗೂ ಅದು ಸೊಗಸಾಗಿ ಕಾಣುತ್ತದೆ. ಪ್ಯಾಂಟಿಗೆ ಲೇಸಿನ ಡರ್ಬಿ (ಲೇಸು ಕಟ್ಟುವ ಭಾಗ ಬುಡದವರೆಗೆ ತೆರೆದುಕೊಳ್ಳುವ ಶೂ), ಇಲ್ಲವೇ ಬಿಳಿ ಅಥವಾ ಟ್ಯಾನ್ ಬಣ್ಣದ ಸಾದಾ ಲೆದರ್ ಸ್ನೀಕರ್. ಲೋಫರ್‌ನಲ್ಲಿ ಬಿಗಿ ಸಡಿಲ ಮಾಡುವ ಯಾವ ಉಪಾಯವೂ ಇಲ್ಲದ್ದರಿಂದ ಪೂರ್ತಿ ಉದ್ದದ ಇನ್‌ಸೋಲ್‌ಗೆ ಅದು ಒಗ್ಗುವುದಿಲ್ಲ. ಅದರ ಮೇಲೆ ಅಷ್ಟು ಆಸೆಯಿದ್ದರೆ ಮುಕ್ಕಾಲು ಉದ್ದದ ಎರಡನೇ ಜೋಡಿ ಇನ್‌ಸೋಲ್ ಮಾಡಿಸಿ. ಅದು ಬೆರಳ ಬುಡದ ಹಿಂದೆಯೇ ಮುಗಿಯುವುದರಿಂದ ಬೆರಳ ಗೂಡಿನ ಎತ್ತರಕ್ಕೆ ತಂಟೆಯಿಲ್ಲ. ಮೊದಲ ಜೋಡಿಯ ಅಳತೆ ಇರುವಾಗಲೇ ಹೇಳಿದರೆ ಮಾಡುವವರಿಗೂ ಸುಲಭ.

ಕಾಲುಂಗುರ ಹಾಕುವವರು ಇನ್ನೊಂದನ್ನು ಗಮನಿಸಲೇಬೇಕು. ಇನ್‌ಸೋಲ್ ಬೆರಳುಗಳನ್ನೂ 2-3 ಮಿ.ಮೀ. ಎತ್ತುತ್ತದೆ, ಉಂಗುರ ಶೂ ಚಾವಣಿಗೆ ತಗಲುತ್ತದೆ. ಸಂಜೆಗೆ ಎರಡನೇ ಬೆರಳ ಮೇಲೆ ಕೆಂಪು ಗೆರೆ ಮೂಡಿದ್ದರೆ ಕಾರಣ ಇದೇ. ಮುಂಭಾಗ ಗುಂಡಗಿರುವ, ಬೆರಳಿನ ಮೇಲೆ ಹೊಲಿಗೆ ಹಾಯದ ಶೂ ಆರಿಸಿ.

ಶೂ ಕೊಳ್ಳಲು ಸಂಜೆ ಹೋಗಿ, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಇನ್‌ಸೋಲ್ ಜೊತೆಗಿರಲಿ, ದಿನಾ ಹಾಕುವ ಸಾಕ್ಸೇ ಕಾಲಲ್ಲಿರಲಿ. ಎದ್ದು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ 10-12 ಮಿ.ಮೀ. ಜಾಗ ಉಳಿಯಬೇಕು. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಹತ್ತಿ ನೋಡಿ, ಹಿಮ್ಮಡಿ ಜಾರುವುದು ಅಲ್ಲೇ ಗೊತ್ತಾಗುವುದು. ಕೊನೆಗೆ ಶೂ ಎರಡೂ ತುದಿ ಹಿಡಿದು ಬಾಗಿಸಿ. ಬೆರಳ ಬುಡದಲ್ಲಿ ಬಾಗಬೇಕು. ನಟ್ಟನಡುವೆ ಮಡಚಿಕೊಂಡರೆ ಅಂಥ ಶೂ ಒಳಗೆ ಎಷ್ಟೇ ಒಳ್ಳೆಯ ಇನ್‌ಸೋಲ್ ಹಾಕಿದರೂ ಅದಕ್ಕೆ ಆಧಾರವಿರುವುದಿಲ್ಲ.

ಪ್ರಶ್ನೆ: ಎರಡು ತಿಂಗಳಲ್ಲಿ ಮದುವೆ. ಚಪ್ಪಟೆ ಪಾದ, ಕಮಾನಿಗೆ ಆಧಾರ ಕೊಡುವ ಇನ್‌ಸೋಲ್ ಇದೆ. ಆರತಕ್ಷತೆಯಲ್ಲಿ ರೇಷ್ಮೆ ಸೀರೆಗೆ ಹೀಲ್ಸ್ ಹಾಕಲೇಬೇಕೆಂದು ಆಸೆ. ಸಾಧ್ಯವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಸಾಧ್ಯ, ಮಿತಿಯೊಳಗೆ. ಧಾರೆಯ ಹೊತ್ತಿಗೆ ಹೇಗೂ ಬರಿಗಾಲು, ಸಮಸ್ಯೆ ಇರುವುದು ಆರತಕ್ಷತೆಯ ವೇದಿಕೆಯಲ್ಲಿ ಮೂರ್ನಾಲ್ಕು ಗಂಟೆ ನಿಲ್ಲುವಾಗ.

ಚಪ್ಪಟೆ ಶೂಗೆಂದು ಅಚ್ಚು ತೆಗೆದು ಮಾಡಿದ ಇನ್‌ಸೋಲ್ ಎತ್ತರದ ಹೀಲಿನ ಇಳಿಜಾರಿಗೆ ಹೊಂದುವುದಿಲ್ಲ. ಶೂ ಒಳಗಿಟ್ಟು ಹಿಮ್ಮಡಿ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಮುಂಭಾಗ ಮೇಲಕ್ಕೆದ್ದರೆ ಅಡಿಯಲ್ಲಿ ಪೊಳ್ಳು ಇದೆ ಎಂದರ್ಥ, ನಿಂತಾಗ ಅದು ಏತದ ಹಾಗೆ ಆಡುತ್ತದೆ. 2.5 ಸೆಂ.ಮೀ. ಹೀಲ್‌ವರೆಗೆ ಹೆಚ್ಚಿನ ಇನ್‌ಸೋಲ್‌ಗಳು ತಡೆದುಕೊಳ್ಳುತ್ತವೆ. ಅದಕ್ಕಿಂತ ಎತ್ತರ ಬೇಕಿದ್ದರೆ ಶೂ ಮೊದಲು ಕೊಂಡು, ಅದನ್ನೇ ಇನ್‌ಸೋಲ್ ಮಾಡುವವರ ಹತ್ತಿರ ಒಯ್ದು, ಆ ಎತ್ತರಕ್ಕೆ ಹೊಂದುವ ಮುಕ್ಕಾಲು ಉದ್ದದ ತೆಳು ಜೋಡಿ ಮಾಡಿಸಬೇಕು. ಎರಡು ತಿಂಗಳು ಸಾಕಷ್ಟಾಯಿತು, ಆದರೆ ಈ ವಾರವೇ ಹೊರಡಿ.

ಎತ್ತರದ ಲೆಕ್ಕದಲ್ಲಿ ನಿಮ್ಮ ಆಸೆಗೆ ಅನುಕೂಲವಾದ ದಾರಿಯೊಂದಿದೆ. ಪಾದಕ್ಕೆ ಗೊತ್ತಾಗುವುದು ಹಿಮ್ಮಡಿಗೂ ಬೆರಳ ಬುಡಕ್ಕೂ ನಡುವಿನ ಏರಿಳಿತ ಮಾತ್ರ. ಹಿಂದೆ 5 ಸೆಂ.ಮೀ. ಹೀಲ್, ಮುಂದೆ 2 ಸೆಂ.ಮೀ. ಪ್ಲಾಟ್‌ಫಾರ್ಮ್ ಇದ್ದರೆ ಪಾದಕ್ಕೆ ಅದು 3 ಸೆಂ.ಮೀ. ಹೀಲ್ ಅಷ್ಟೇ. ನೋಡುವವರಿಗೆ ನೀವು 5 ಸೆಂ.ಮೀ. ಎತ್ತರ. ಈ ವ್ಯತ್ಯಾಸ 3-4 ಸೆಂ.ಮೀ. ದಾಟದಿರಲಿ. ಪ್ಲಾಟ್‌ಫಾರ್ಮ್ 2 ಸೆಂ.ಮೀ.ಗಿಂತ ದಪ್ಪವಾದರೆ ಕಾಲು ಉಳುಕುವ ಭಯವಿದೆ, ಅದರಲ್ಲೂ ಚಪ್ಪಟೆ ಪಾದದವರಿಗೆ.

ಹೀಲ್ ಅಗಲವಾದ ಬ್ಲಾಕ್ ಹೀಲ್ ಆಗಿರಲಿ. ಕಲ್ಯಾಣ ಮಂಟಪದ ವೇದಿಕೆಗೆ ಪ್ಲೈವುಡ್ ಮೇಲೆ ಕಾರ್ಪೆಟ್ ಹಾಸಿರುತ್ತಾರೆ, ಚೂಪು ಹೀಲ್ ಅದರಲ್ಲಿ ಹೂತು ಕಾಲು ಹೊರಳುತ್ತದೆ. ಹಿಂಬದಿ ಮುಚ್ಚಿದ, ಕಣಕಾಲಿಗೆ ಪಟ್ಟಿ ಇರುವ, ಬೆರಳು ತೆರೆದ ಮಾದರಿ ನಿಮಗೆ ಎಲ್ಲಕ್ಕಿಂತ ಚೆನ್ನ. ಹಿಂಬದಿ ಇನ್‌ಸೋಲನ್ನು ಹಿಡಿದಿಡುತ್ತದೆ, ಮುಂದೆ ಹೊಸ ಕಾಲುಂಗುರಕ್ಕೂ ಮೆಹಂದಿಗೂ ಜಾಗ ಸಿಗುತ್ತದೆ. ಇಳಿಜಾರಿನಲ್ಲಿ ಮುಕ್ಕಾಲು ಇನ್‌ಸೋಲ್ ಮುಂದಕ್ಕೆ ಸರಿಯುವುದುಂಟು. ಹಿಮ್ಮಡಿಯ ಕೆಳಗೆ ಎರಡೂ ಬದಿ ಅಂಟುವ ಟೇಪಿನ ಒಂದು ತುಂಡು ಹಾಕಿ. ಫೆವಿಕ್ವಿಕ್ ಮಾತ್ರ ಬೇಡ, ಆಮೇಲೆ ತೆಗೆಯಲು ಬರುವುದಿಲ್ಲ.

ಸೀರೆಗೆ ಫಾಲ್ ಹಾಕಿಸಿ, ನೆರಿಗೆ ಹಿಡಿದು ಅಭ್ಯಾಸ ಮಾಡುವಾಗ ಇದೇ ಶೂ, ಇದೇ ಇನ್‌ಸೋಲ್ ಕಾಲಲ್ಲಿರಲಿ. ಇಲ್ಲದಿದ್ದರೆ ಆ ದಿನ ನೆರಿಗೆ ನೆಲದಿಂದ ಮೇಲೆ ನಿಂತು ಶೂ ಪೂರ್ತಿ ಕಾಣುತ್ತದೆ. ಹೊಸ ಇನ್‌ಸೋಲನ್ನು ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿ, ದಿನಕ್ಕೊಂದು ಗಂಟೆಯಂತೆ ಹೆಚ್ಚಿಸುತ್ತಾ ಹೋಗಿ. ಎರಡು ವಾರ ಬೇಕು. ಮದುವೆಯ ದಿನವೇ ಹೊಸದನ್ನು ಹಾಕಿ ನಾಲ್ಕು ಗಂಟೆ ನಿಂತರೆ ಪಾದದ ಜೊತೆ ಮೊಣಕಾಲೂ ನೋಯುತ್ತದೆ.

ವರನಿಗೂ ಇನ್‌ಸೋಲ್ ಇದ್ದರೆ ಅವರು ಮೋಜಡಿ ಬಿಟ್ಟು ಲೆದರ್ ಸ್ಯಾಂಡಲ್ಲೋ ಶೂವೋ ನೋಡಬೇಕು. ಮೋಜಡಿಯಲ್ಲಿ ಆಳವೂ ಇಲ್ಲ, ಹಿಡಿತವೂ ಇಲ್ಲ.

ಪ್ರಶ್ನೆ: ನಾನು ವಕೀಲ. ಕೋರ್ಟಿಗೆ ಕಪ್ಪು ಫಾರ್ಮಲ್ ಶೂ ಬೇಕೇ ಬೇಕು. ಇನ್‌ಸೋಲ್ ಹಾಕಿದರೆ ಈಗಿನ ಶೂ ಲೇಸು ಕಟ್ಟಲು ಬರುವುದಿಲ್ಲ. ‘ಆರ್ಥೋಪೆಡಿಕ್ ಶೂ’ ಎಂದು ತೋರಿಸಿದ್ದೆಲ್ಲ ನೋಡಲು ಒರಟು.
— ಓದುಗರು, ಧಾರವಾಡ

ಉತ್ತರ: ನಿಮ್ಮದು ಆಕ್ಸ್‌ಫರ್ಡ್ ಮಾದರಿ ಇರಬೇಕು. ಲೇಸಿನ ಎರಡು ರೆಕ್ಕೆಗಳು ಬುಡದಲ್ಲಿ ಶೂ ಮುಂಭಾಗದ ಅಡಿಗೆ ಸೇರಿ ಹೊಲಿಗೆಯಾಗಿದ್ದರೆ ಅದು ಆಕ್ಸ್‌ಫರ್ಡ್. ಎಷ್ಟು ಸಡಿಲಿಸಿದರೂ ಬುಡ ಬಿಚ್ಚಿಕೊಳ್ಳುವುದಿಲ್ಲ. ರೆಕ್ಕೆಗಳು ಮುಂಭಾಗದ ಮೇಲೆ ಕುಳಿತು ಬುಡದವರೆಗೆ ತೆರೆದುಕೊಂಡರೆ ಅದು ಡರ್ಬಿ. ಇನ್‌ಸೋಲ್‌ನಿಂದ ಮೇಲೆದ್ದ ಪಾದಕ್ಕೆ ಡರ್ಬಿ ಜಾಗ ಕೊಡುತ್ತದೆ. ಕಪ್ಪು ಲೆದರಿನಲ್ಲಿ, ಅಲಂಕಾರವಿಲ್ಲದೆ, ತೆಳು ಅಂಚಿನ ಸೋಲ್ ಇದ್ದರೆ ಕರಿಕೋಟಿನ ಜೊತೆ ಆಕ್ಸ್‌ಫರ್ಡಿಗೂ ಅದಕ್ಕೂ ವ್ಯತ್ಯಾಸ ಹೇಳುವವರು ಕಡಿಮೆ. ಸ್ವಲ್ಪ ಠೀವಿ ಬೇಕೆಂದರೆ ಒಂದೋ ಎರಡೋ ಬಕಲ್ಲಿನ ಮಾಂಕ್ ಸ್ಟ್ರ್ಯಾಪ್ ನೋಡಿ, ಅದೂ ಅಗಲಕ್ಕೆ ತೆರೆಯುತ್ತದೆ.

ಇನ್‌ಸೋಲ್ ಹಾಕಿ ಲೇಸು ಕಟ್ಟಿದಾಗ ರೆಕ್ಕೆಗಳ ನಡುವೆ ಒಂದು ಸೆಂ.ಮೀ. ಸಂದು ಉಳಿದರೆ ಸರಿ. ಲೆದರ್ ಹಿಗ್ಗಿದ ಮೇಲೆ ಬಿಗಿಮಾಡಲು ಅದು ಬೇಕು. ಸಂದು ಮೇಲಕ್ಕೆ ಹೋದಂತೆ ಅಗಲವಾಗಿ ಬಾಯಿ ತೆರೆದಂತೆ ಕಂಡರೆ ಶೂ ಆಳ ಸಾಲದು. ಮುಂದೆ ಚೂಪಾದ ಶೂಗಳಲ್ಲಿ ತುದಿಯ 2-3 ಸೆಂ.ಮೀ. ಬರೀ ನೋಟಕ್ಕೆ, ಬೆರಳು ಅಲ್ಲಿಗೆ ಹೋಗುವುದಿಲ್ಲ. ಅದನ್ನು ನಂಬಿ ಅಳತೆ ಮಾಡಬೇಡಿ. ಬಾದಾಮಿಯಾಕಾರದ ತುದಿ ಚೆಂದವೂ ಹೌದು, ಕಾಲಿಗೆ ಹಿತವೂ ಹೌದು.

ಅಗಲದ ಬಗ್ಗೆಯೂ ಕೇಳಿ. ಭಾರತೀಯರ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಎಂದು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ಸಮೀಕ್ಷೆ ಕಂಡುಕೊಂಡಿದೆ, ನಮ್ಮದೇ ‘ಭಾ’ ಎಂಬ ಅಳತೆ ಕ್ರಮ ರೂಪಿಸಿದ್ದೂ ಅದಕ್ಕೇ. ಅಂಗಡಿಯಲ್ಲಿರುವ ಬಹುಪಾಲು ಶೂಗಳು ಇನ್ನೂ ಹಳೆಯ ಅಚ್ಚಿನವೇ. ಕ್ಲಾರ್ಕ್ಸ್‌ನಲ್ಲಿ ಗಂಡಸರ ಶೂ ಜಿ ಎಂದರೆ ಸಾಮಾನ್ಯ, ಎಚ್ ಎಂದರೆ ಅಗಲ. ನ್ಯೂ ಬ್ಯಾಲೆನ್ಸ್‌ನಲ್ಲಿ ಡಿ ಸಾಮಾನ್ಯ, 2ಇ ಮತ್ತು 4ಇ ಅಗಲದವು. ಉದ್ದದ ಸೈಜ್ ನಿಮ್ಮದೇ ಇಟ್ಟುಕೊಂಡು ಅಗಲದ ಅಕ್ಷರ ಬದಲಿಸಿ. ಇನ್‌ಸೋಲ್ ಇರುವವರಿಗೆ ಉದ್ದ ಹೆಚ್ಚಿಸುವುದಕ್ಕಿಂತ ಇದು ಎಷ್ಟೋ ಮೇಲು.

ಹಿಮ್ಮಡಿ ಇನ್ನೂ ಜಾರಿದರೆ ಶೂ ನಾಲಿಗೆಯ ಕೆಳಗೆ ಒಂದು ತೆಳು ಫೆಲ್ಟ್ ತುಂಡು ಅಂಟಿಸಿಸಿ, ಪಾದವನ್ನು ಅದು ಹಿಂದಕ್ಕೆ ತಳ್ಳುತ್ತದೆ. ಹಿಮ್ಮಡಿಯ ಗೋಡೆಗೆ ಪ್ಯಾಡ್ ಹಾಕುವುದು ಅದು ಫಲಿಸದಿದ್ದರೆ ಮಾತ್ರ, ಏಕೆಂದರೆ ಪ್ಯಾಡ್ ಪಾದವನ್ನು ಮುಂದಕ್ಕೆ ದೂಡಿ ಇನ್‌ಸೋಲಿನ ಕಮಾನಿನಿಂದ ತಪ್ಪಿಸುತ್ತದೆ.

ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟ ಶೂ ತೆಗೆದು ಹಾಕುವ ಮೊದಲು ಸೋಲ್ ನೋಡಿ. ಪಿ.ಯು. (ಪಾಲಿಯುರೆಥೇನ್) ಸೋಲ್ ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ಪುಡಿಯಾಗುತ್ತದೆ.

ಪ್ರಶ್ನೆ: ಅಮ್ಮನಿಗೆ 62, ಸಕ್ಕರೆ ಕಾಯಿಲೆ, ಅಂಗಾಲು ಜೋಮು. ಎಂ.ಸಿ.ಆರ್. (ಮೆತ್ತನೆಯ ಸ್ಪಂಜು ರಬ್ಬರಿನ) ಚಪ್ಪಲಿ ಕೊಡಿಸಿದೆವು. ‘ಆಸ್ಪತ್ರೆ ಚಪ್ಪಲಿ ಹಾಕ್ಕೊಂಡು ಮದುವೆಗೆ ಬರಲ್ಲ’ ಅಂತಾರೆ.
— ಓದುಗರು, ಮಂಡ್ಯ

ಉತ್ತರ: ಅಮ್ಮನ ಮಾತನ್ನು ಹಟ ಎಂದು ತಳ್ಳಿಹಾಕಬೇಡಿ. ಹಾಕದ ಚಪ್ಪಲಿಯಿಂದ ರಕ್ಷಣೆಯಿಲ್ಲ.

ಆ ಚಪ್ಪಲಿಗೆ ಆಸ್ಪತ್ರೆಯ ಕಳೆ ಬರುವುದು ಮುಖ್ಯವಾಗಿ ಅಂಚಿನಿಂದ. ಸ್ಪಂಜಿನಂಥ ರಬ್ಬರ್ ಪದರ ಸುತ್ತಲೂ ಬೆತ್ತಲೆಯಾಗಿ ಕಾಣುತ್ತಿರುತ್ತದೆ. ಮಾಡುವವರಿಗೆ ಹೇಳಿ, ಮೇಲಿನ ಪಟ್ಟಿಯದೇ ಬಣ್ಣದ ಲೆದರನ್ನು ಅಂಚಿನ ಸುತ್ತ ಮಡಚಿ ಹೊಲಿಸಿ. ಮೆರೂನ್, ಕಾಫಿ ಬಣ್ಣ, ತಾಮ್ರದ ಹೊಳಪು, ಅಮ್ಮನ ಸೀರೆಗಳಿಗೆ ಒಪ್ಪುವಂಥದ್ದನ್ನು ಅವರೇ ಆರಿಸಲಿ. ವೆಲ್ಕ್ರೋ ಬೇಕು, ಆದರೆ ಅದರ ಮೇಲೆ ಕಾಣಲೊಂದು ಬಕಲ್ ಕೂರಿಸಿಕೊಡುತ್ತಾರೆ.

ಕೆಲವು ವಿಷಯದಲ್ಲಿ ರಾಜಿ ಬೇಡವೇ ಬೇಡ. ಹೆಬ್ಬೆರಳ ಸಂದಿನಲ್ಲಿ ಗುಬ್ಬಿ ಇರುವ ಚಪ್ಪಲಿ ಕೂಡದು, ಬೆರಳಿಗೆ ಜೋಮಿದ್ದರೆ ಅದು ಜಾರಿದ್ದೇ ತಿಳಿಯುವುದಿಲ್ಲ, ಸಂದಿನಲ್ಲಿ ಹುಣ್ಣಾಗುತ್ತದೆ. ಹಿಂದೆ ಪಟ್ಟಿ ಇರಲೇಬೇಕು. ಒಳಹಾಸು ಮೆತ್ತಗೆ, ಹೊರ ಸೋಲ್ ಗಟ್ಟಿ, ಮುಳ್ಳೋ ಮೊಳೆಯೋ ಚುಚ್ಚಿದರೂ ಒಳಗೆ ಬರದಷ್ಟು. ಮುಕ್ಕಾಲು ಉದ್ದದ ಇನ್‌ಸೋಲ್ ಇಂಥವರಿಗೆ ಬೇಡ, ಅದು ಮುಗಿಯುವ ಅಂಚೇ ಒತ್ತಿ ಗಾಯ ಮಾಡಬಹುದು. ಮನೆಯಲ್ಲಿ ಯಾರೂ ಕತ್ತರಿ ಹಾಕಕೂಡದು.

ಪ್ರತಿ ಸಲ ಹಾಕುವ ಮುನ್ನ ಒಳಗೆ ಕೈಯಾಡಿಸಿ ನೋಡುವುದು ರೂಢಿಯಾಗಲಿ. ಹೊಸ ಜೋಡಿ ಮೊದಲ ದಿನ ಒಂದು ಗಂಟೆ ಹಾಕಿ, ತೆಗೆದು, ಅಂಗಾಲನ್ನು ಬೆಳಕಿನಲ್ಲಿ ನೋಡಿ. ಅಮ್ಮನಿಗೆ ಬಗ್ಗಲಾಗದಿದ್ದರೆ ನೆಲದಲ್ಲಿ ಕನ್ನಡಿ ಇಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯದಿದ್ದರೆ ಆ ಜಾಗದಲ್ಲಿ ಒತ್ತಡ ಬೀಳುತ್ತಿದೆ, ವಾಪಸ್ ಒಯ್ದು ಸರಿಮಾಡಿಸಬೇಕು. ಕಾಲುಂಗುರ ಬಿಗಿಯಾಗಿದ್ದರೆ ಈಗಲೇ ಸಡಿಲಿಸಿ. ಎಂ.ಸಿ.ಆರ್. ದಿನಬಳಕೆಯಲ್ಲಿ ಚಪ್ಪಟೆಯಾಗುತ್ತಾ ಹೋಗುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಮೇಲೇಳದಿದ್ದರೆ ಹಾಸು ಬದಲಿಸುವ ಕಾಲ ಬಂದಿದೆ.

ನಮ್ಮ ಮನೆಗಳಲ್ಲಿ ಚಪ್ಪಲಿ ಬಾಗಿಲಾಚೆಗೇ ಉಳಿಯುತ್ತದೆ, ಹಾಗಾಗಿ ದಿನದ ಹೆಚ್ಚು ಹೊತ್ತು ಬರಿಗಾಲು. ಒಳಗೆ ಮಾತ್ರ ಬಳಸುವ ಇನ್ನೊಂದು ಜೋಡಿ ಮಾಡಿಸಿ. ಬೇಸಿಗೆ ಮಧ್ಯಾಹ್ನ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಂಡವರಿದ್ದಾರೆ, ಜೋಮಿನಿಂದ ಬಿಸಿ ತಿಳಿದಿರುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಹೋಗಲಿ, ದಪ್ಪ ಹತ್ತಿಯ ಸಾಕ್ಸ್ ಹಾಕಿಕೊಳ್ಳಲಿ.

ಪ್ರಶ್ನೆ: ಕೊಲ್ಹಾಪುರಿ ಚಪ್ಪಲಿಗೆ ಇನ್‌ಸೋಲ್ ಹಾಕಬಹುದೇ? ಸಕ್ಕರೆ ಕಾಯಿಲೆ ಇಲ್ಲ, ಹಿಮ್ಮಡಿ ನೋವು ಮಾತ್ರ.
— ಓದುಗರು, ಬೆಳಗಾವಿ

ಉತ್ತರ: ಬಿಡಿ ಇನ್‌ಸೋಲ್ ನಿಲ್ಲುವುದಿಲ್ಲ, ಗೋಡೆಯೇ ಇಲ್ಲದ ಕಡೆ ಅದು ಬದಿಗೆ ಜಾರುತ್ತದೆ. ಆದರೆ ನೀವಿರುವ ಸೀಮೆಯಲ್ಲೇ ದಾರಿಯಿದೆ. 2019ರಲ್ಲಿ ಕೊಲ್ಹಾಪುರಿಗೆ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳಿಗೆ ಹೇಳಿ, ಮೇಲಿನ ಚರ್ಮಕ್ಕೂ ಕೆಳಗಿನ ಚರ್ಮಕ್ಕೂ ನಡುವೆ ಹಿಮ್ಮಡಿಯಿಂದ ಕಮಾನಿನವರೆಗೆ 3-4 ಮಿ.ಮೀ. ಇ.ವಿ.ಎ. (ಹಗುರವಾದ ಫೋಮ್) ಹಾಳೆ ಇಟ್ಟು ಹೊಲಿಸಿ. ಮುಂದಕ್ಕೆ ಬರುತ್ತಾ ಹಾಳೆ ತೆಳುವಾಗುವಂತೆ ಸವರಬೇಕು, ಇಲ್ಲದಿದ್ದರೆ ಮೆಟ್ಟಿಲಿನಂತೆ ಒತ್ತುತ್ತದೆ. ಪಾದ ಮೇಲೇಳುವುದರಿಂದ ಅಡ್ಡಪಟ್ಟಿಯನ್ನೂ ಆ ಲೆಕ್ಕಕ್ಕೆ ಸಡಿಲ ಇಡಲು ಹೇಳಿ. ಸಮಾರಂಭಕ್ಕೆ ಇದು ಸಾಕು. ದಿನವಿಡೀ ನಡೆಯುವುದಕ್ಕೆ ಶೂನೊಳಗಿನ ಇನ್‌ಸೋಲೇ ಬೇಕು.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಚಪ್ಪಟೆ ಪಾದ, ಸಂಜೆ ನೋವು ಅಂತಾನೆ. ಇನ್‌ಸೋಲ್ ಕೊಟ್ಟಿದ್ದಾರೆ. ಶಾಲೆಯ ಕಪ್ಪು ಶೂ, ಜೊತೆಗೆ ಇಲ್ಲಿಯ ಮಳೆ.
— ಓದುಗರು, ತೀರ್ಥಹಳ್ಳಿ

ಉತ್ತರ: ಚಿಕ್ಕ ಮಕ್ಕಳಲ್ಲಿ ಚಪ್ಪಟೆ ಪಾದ ಸಾಮಾನ್ಯ, ನೋವಿಲ್ಲದಿದ್ದರೆ ಇನ್‌ಸೋಲ್ ಬೇಕಾಗುವುದು ಅಪರೂಪ. ನಿಮ್ಮ ಮಗನಿಗೆ ನೋವಿರುವುದರಿಂದ ಕೊಟ್ಟಿದ್ದಾರೆ. ಶಾಲೆಯ ಶೂಗಳಲ್ಲೇ ಹಾಸು ತೆಗೆಯಬಹುದಾದ, ವೆಲ್ಕ್ರೋ ಅಥವಾ ಲೇಸಿನ ಜೋಡಿ ಸಿಗುತ್ತವೆ. ‘ಬೆಳೆಯೋ ಕಾಲು’ ಎಂದು ಎರಡು ಸೈಜ್ ದೊಡ್ಡದು ಕೊಡಿಸಬೇಡಿ, ಇನ್‌ಸೋಲಿನ ಕಮಾನು ತಪ್ಪು ಜಾಗಕ್ಕೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ನಿಲ್ಲಿಸಿ ಅಳೆಯಿರಿ. ಅಣ್ಣನ ಇನ್‌ಸೋಲ್ ತಮ್ಮನಿಗೆ ಬರುವುದಿಲ್ಲ.

ಮಳೆಗಾಲಕ್ಕೆ ಎರಡು ಜೋಡಿ ಶೂ ಬೇಕು, ಇನ್‌ಸೋಲ್ ಒಂದೇ ಸಾಕು. ಮನೆಗೆ ಬಂದ ಕೂಡಲೇ ಅದನ್ನು ಹೊರತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಗಾಳಿಗೆ ನಿಲ್ಲಿಸಿಡಿ. ಒದ್ದೆ ಶೂ ಒಳಗೆ ಹಳೆ ಪೇಪರ್ ತುರುಕಿ, ರಾತ್ರಿ ಒಂದು ಸಲ ಬದಲಿಸಿ. ಬಚ್ಚಲೊಲೆಯ ಹತ್ತಿರ ಮಾತ್ರ ಒಣಗಿಸಬೇಡಿ. ಇ.ವಿ.ಎ. ಬಿಸಿಗೆ ಸುಕ್ಕಾಗಿ ಆಕಾರ ಕಳೆದುಕೊಳ್ಳುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಅದೇ ಗತಿ.

ಪ್ರಶ್ನೆ: ಅಪಘಾತದ ನಂತರ ಒಂದು ಕಾಲು 2 ಸೆಂ.ಮೀ. ಗಿಡ್ಡ. ಎಲ್ಲವನ್ನೂ ಶೂ ಒಳಗೇ ತುಂಬಬಹುದೇ?
— ಓದುಗರು, ಕಲಬುರಗಿ

ಉತ್ತರ: ಆಗುವುದಿಲ್ಲ. ಒಳಗೆ ಒಂದು ಸೆಂ.ಮೀ. ದಾಟಿದರೆ ಹಿಮ್ಮಡಿ ಶೂನಿಂದ ಹೊರಗೇ ಬರುತ್ತದೆ. ಎಷ್ಟು ಎತ್ತರಿಸಬೇಕು ಎಂದು ಮೊದಲು ಡಾಕ್ಟರು ಹೇಳಲಿ, ಪೂರ್ತಿ 2 ಸೆಂ.ಮೀ. ಬೇಕಾಗದೆಯೂ ಇರಬಹುದು. ಒಳಗೆ 8-10 ಮಿ.ಮೀ. ಹಾಕಿ, ಉಳಿದದ್ದನ್ನು ಹೊರ ಸೋಲಿಗೆ ಸೇರಿಸಬೇಕು. ಶೂ ಸೋಲನ್ನು ಸಪಾಟಾಗಿ ಬಿಡಿಸಿ, ನಡುವೆ ಇ.ವಿ.ಎ. ಹಾಳೆ ಅಂಟಿಸಿ, ಹಳೆಯ ತಳವನ್ನೇ ಮತ್ತೆ ಕೂರಿಸುತ್ತಾರೆ. ಬೆರಳ ಕಡೆ ಹಾಳೆ ತೆಳುವಾಗಿ ಮೇಲಕ್ಕೆ ಬಾಗಿರಬೇಕು, ಇಲ್ಲದಿದ್ದರೆ ಎಡವುತ್ತೀರಿ. ಸೋಲಿನ ಬಣ್ಣದ್ದೇ ಹಾಳೆ ಕೇಳಿ. ಕಪ್ಪು ಶೂಗೆ ಕಪ್ಪು ಹಾಳೆ ಹಾಕಿದರೆ ಒಂದು ಸೆಂ.ಮೀ. ಹೆಚ್ಚಿರುವುದು ಪ್ಯಾಂಟಿನ ಅಂಚಿನ ಕೆಳಗೆ ಎದ್ದು ಕಾಣುವುದಿಲ್ಲ. ಈ ಕೆಲಸಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಪ್ರಾಸ್ಥೆಟಿಸ್ಟ್-ಆರ್ಥೋಟಿಸ್ಟ್ (ಕೃತಕ ಕೈಕಾಲು, ಆಧಾರದ ಸಾಧನ ಮಾಡುವ ತಜ್ಞರು) ಹತ್ತಿರವೇ ಹೋಗಿ, ಜೊತೆಗೆ ಎರಡೂ ಕಾಲಿನ ಶೂ ತೆಗೆದುಕೊಂಡು ಹೋಗಿ. ಗಿಡ್ಡ ಕಾಲಿನದನ್ನು ಮಾತ್ರ ಕೊಟ್ಟರೆ ಎರಡರ ಎತ್ತರ ಹೋಲಿಸಿ ನೋಡಲು ಅವರಿಗೆ ಬರುವುದಿಲ್ಲ.